ಯಾರ ಮಗಳೆಂದು ಕೇಳುವ ಊರು

ಪರ್ಕಳದ ಆ ಮನೆಯ ಮೇಲಿನ ಕೋಣೆ ನನಗೆ ಬಹಳ ಸುಲಭವಾಗಿ ಸಿಕ್ಕಿತು. ನನ್ನ ಅನುಮಾನ ಶುರುವಾದದ್ದೇ ಅಲ್ಲಿಂದ.

ಮಣಿಪಾಲದಲ್ಲಿ ಸೀಟು ಸಿಕ್ಕವರೆಲ್ಲ ಕೋಣೆ ಹುಡುಕಿಕೊಂಡು ಅಲೆಯುತ್ತಿದ್ದ ಸಮಯ ಅದು. ಬ್ರೋಕರುಗಳು ಫೋನಿನಲ್ಲಿ ಒಂದು ಕೋಣೆ ತೋರಿಸಿ ಬೇರೊಂದಕ್ಕೆ ಕರೆದುಕೊಂಡು ಹೋಗುತ್ತಿದ್ದರು. ನಾನು ಪರ್ಕಳದಲ್ಲಿ ಬಸ್ಸಿಳಿದು, ಎದುರಿಗೆ ಕಂಡ ಜಿನಸಿನ ಅಂಗಡಿಯಲ್ಲಿ ವಿಚಾರಿಸಿ, ಅಂಗಡಿಯವರು ತೋರಿಸಿದ ಗೇಟು ತೆರೆದು ಒಳಗೆ ಹೋದೆ. ಮನೆಯೊಡತಿ ಅಂಗಳದಲ್ಲಿ ಕುಳಿತು ಹಿಡಿಸೂಡಿ ಪೊರಕೆಗೆಂದು ತೆಂಗಿನ ಗರಿ ಸೀಳುತ್ತಿದ್ದರು. ಅರವತ್ತರ ಹತ್ತಿರದ ಹೆಂಗಸು. ಗಂಡ ತೀರಿಹೋಗಿದ್ದರು, ಮಗ ಗಲ್ಫಿನಲ್ಲಿದ್ದ, ಕೆಳಗಿನ ಮನೆಯಲ್ಲಿ ಅವರೊಬ್ಬರೇ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನಮ್ಮ ಮಾತೆಲ್ಲ ತುಳುವಿನಲ್ಲಿ ನಡೆಯಿತು. ಇಲ್ಲಿ ಅದನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಯಾವ ಊರು?”

“ಕಾರ್ಕಳದ ಆಚೆ.”

“ಯಾರ ಮಗಳು?”

ಹೇಳಿದೆ.

“ನಿಮ್ಮ ಬರಿ ಯಾವುದು?”

ಬರಿ ಎಂದರೆ ತಾಯಿಯಿಂದ ಮಕ್ಕಳಿಗೆ ಬರುವ ಬಳಿ, ಗೋತ್ರವಿದ್ದ ಹಾಗೆ. ಒಂದೇ ಬರಿಯವರು ನಮ್ಮಲ್ಲಿ ಅಣ್ಣತಂಗಿಯರ ಲೆಕ್ಕ, ಅವರೊಳಗೆ ಮದುವೆ ಕೂಡದು. ಕೋಣೆ ಕೊಡುವವರಿಗೆ ಆಧಾರ್ ಕಾರ್ಡು ಬೇಕು, ಕಾಲೇಜಿನ ಗುರುತಿನ ಚೀಟಿ ಬೇಕು. ಬರಿ ಯಾಕೆ ಬೇಕು? ಆದರೂ ಹೇಳಿದೆ. “ಹಾಗಾದರೆ ನಮ್ಮದು ಬೇರೆ,” ಎಂದು ಅವರು ಸಮಾಧಾನದಿಂದ ತಲೆಯಾಡಿಸಿ, ಅಲ್ಲಿಯೇ ಕೋಣೆಯ ಬೀಗದಕೈ ಕೊಟ್ಟರು. ಮೇಲೆ ಹೋಗುವ ಮೊದಲು ಪಡಸಾಲೆಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟರು. ನಾನು ಕುಳಿತ ಕುರ್ಚಿಯ ಎದುರಿನ ಗೋಡೆಯಲ್ಲಿ ಗಲ್ಫಿನ ಮಗನ ದೊಡ್ಡ ಫೋಟೊ ನೇತಾಡುತ್ತಿತ್ತು. ಕೋಟು, ಕಪ್ಪು ಕನ್ನಡಕ, ಹಿಂದೆ ಎತ್ತರದ ಕಟ್ಟಡ. ಆ ಕುರ್ಚಿಯಲ್ಲಿ ಕುಳಿತವರಿಗೆ ಬೇರೆಲ್ಲೂ ನೋಡಲು ಜಾಗವೇ ಇರಲಿಲ್ಲ.

ನಾನು ಯಾಕೆ ಹೀಗೆ ಮೂಸಿ ನೋಡುತ್ತಿದ್ದೆ ಎಂದು ಹೇಳಿಬಿಡುತ್ತೇನೆ. ಓದು ಮುಗಿಯುವವರೆಗೆ ನನಗೆ ಗಂಡು ಹುಡುಕುವುದಿಲ್ಲ ಎಂದು ಅಪ್ಪ ಒಪ್ಪಿದ್ದರು. ಆ ಒಪ್ಪಿಗೆಗೆ ಒಂದು ಬಾಲ ಇತ್ತು. “ನಾವಾಗಿ ಹುಡುಕುದಿಲ್ಲ. ಒಳ್ಳೆಯ ಸಂಬಂಧ ತಾನಾಗಿ ಬಂದರೆ ಬಾಗಿಲು ಹಾಕ್ಲಿಕ್ಕೆ ಆಗುದಿಲ್ಲ.” ನಮ್ಮ ಪಕ್ಕದ ಮನೆಯ ಹುಡುಗಿಗೆ ಡಿಗ್ರಿಯ ಕೊನೆಯ ವರ್ಷದಲ್ಲಿ ಹೀಗೆಯೇ ಒಬ್ಬ ತಾನಾಗಿ ಬಂದಿದ್ದ. ರಜೆಯಲ್ಲಿ ಬಂದು, ನೋಡಿ, ಮದುವೆಯಾಗಿ, ರಜೆ ಮುಗಿಯುವ ಮೊದಲೇ ಕರೆದುಕೊಂಡು ಹೋದ. ಅವಳ ಪರೀಕ್ಷೆಯ ಹಾಲ್ ಟಿಕೆಟ್ ಅವರ ಮನೆಯ ಕಪಾಟಿನಲ್ಲಿ ಬಹಳ ಕಾಲ ಇತ್ತು. ಅಮ್ಮನಂತೂ ನಾನು ಊರು ಬಿಟ್ಟು ಓದುವುದನ್ನೇ ಒಪ್ಪಿರಲಿಲ್ಲ. ಜಗಳವಾಡಲಿಲ್ಲ, ಅತ್ತೂ ಕರೆದೂ ಮಾಡಲಿಲ್ಲ, ನನ್ನ ಕೋಣೆ ನೋಡಲು ಮಾತ್ರ ಬರಲೇ ಇಲ್ಲ. ಬಂದರೆ ಒಪ್ಪಿದ ಹಾಗೆ ಆಗುತ್ತದೆ ಎಂದು ಅವಳ ಲೆಕ್ಕ. ಫೋನಿನಲ್ಲಿ ದಿನವೂ ಒಂದೇ ಪ್ರಶ್ನೆ: “ಯಾವಾಗ ಮುಗಿಯುದು?”

ನನಗೋ ಮುಗಿಯುವುದೇ ಬೇಡವಾಗಿತ್ತು. ಸೂಕ್ಷ್ಮಜೀವಿಗಳ ಶಾಸ್ತ್ರ ನನ್ನ ವಿಷಯ. ಬರಿಗಣ್ಣಿಗೆ ಶುಚಿಯಾಗಿ ಕಾಣುವ ಗಾಜಿನ ತಟ್ಟೆಯನ್ನು ಎರಡು ದಿನ ಬೆಚ್ಚಗಿಟ್ಟರೆ ಅದರಲ್ಲಿ ಏನೆಲ್ಲ ಎದ್ದು ಬರುತ್ತದೆ ಎಂದು ನೋಡುವ ಕೆಲಸ. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ಚೆನ್ನಾಗಿ ಮಾಡಿದರೆ ಮುಂದೆ ಪಿಎಚ್.ಡಿ.ಗೆ ಇಲ್ಲಿಯೇ ಸೇರಿಕೊಳ್ಳಬಹುದು ಎಂದು ನಮ್ಮ ವಿಭಾಗದ ಮೇಡಂ ಹೇಳಿದ್ದರು. ಆ ಮಾತನ್ನು ಮನೆಯಲ್ಲಿ ಒಮ್ಮೆ ಎತ್ತಿದೆ. ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಆ ಮಾತು ಅಲ್ಲಿಗೆ ನಿಂತಿತು.

ಹೀಗಿರುವಾಗ ಊರು ನನಗೆ ಏನೇನು ಕೊಟ್ಟಿತೋ ಅದನ್ನೆಲ್ಲ ನಾನು ತಿರುಗಿಸಿ ಹಿಂಬದಿ ನೋಡಿಯೇ ತೆಗೆದುಕೊಂಡೆ. ವಿದ್ಯಾರ್ಥಿಗಳಿಗೆಂದು ಈ ಊರುಗಳಲ್ಲಿ ಕೊಡುವುದಕ್ಕೆ ಕಡಿಮೆ ಇಲ್ಲ. ಮಣಿಪಾಲದ ಟೈಗರ್ ಸರ್ಕಲ್ಲಿನಲ್ಲಿ ನಿಂತರೆ ಸಾಕು, ಯಾರಾದರೂ ಕೈಗೊಂದು ಚೀಟಿ ತುರುಕುತ್ತಾರೆ: ಜರ್ಮನ್ ಕಲಿಯಿರಿ, ಮೊದಲ ತರಗತಿ ಉಚಿತ, ಜಿಮ್ಮಿಗೆ ಬನ್ನಿ, ಮೊದಲ ವಾರ ಉಚಿತ. ಮೊದಲನೆಯದು ಉಚಿತ ಎಂದರೆ ಎರಡನೆಯದಕ್ಕೆ ಚರ್ಮ ಸುಲಿಯುತ್ತಾರೆಂದೇ ಅರ್ಥ. ಬಸ್ಸಿನಲ್ಲಿ ರಿಯಾಯಿತಿ ಪಾಸು ಉಂಟು. ಆದರೆ ಪಾಸಿನವರು ಸೀಟಿನಲ್ಲಿ ಕುಳಿತರೆ ಕಂಡಕ್ಟರನ ಮುಖ ಹುಳಿಯಾಗುತ್ತದೆ. ಉಡುಪಿಯ ರಥಬೀದಿಗೆ ಹೋದರೆ ಮಠದಲ್ಲಿ ಮಧ್ಯಾಹ್ನ ಊಟ ಹಾಕುತ್ತಾರೆ, ಯಾರೆಂದು ಕೇಳುವುದಿಲ್ಲ. ಮೊದಲ ಸಲ ಪಂಕ್ತಿಯಲ್ಲಿ ಕುಳಿತಾಗ, ಸಾರು ಬಡಿಸುವವರು ಎರಡನೆಯ ಸುತ್ತಿಗೂ ನಗುತ್ತಲೇ ಬಂದದ್ದು ನೋಡಿ, ಇವರಿಗೆ ಇದರಿಂದ ಏನು ಸಿಗುತ್ತದೆ ಎಂದು ಯೋಚಿಸುತ್ತ ಊಟ ಮುಗಿಸಿದೆ. ಉತ್ತರ ಸಿಗಲಿಲ್ಲ. ಸಾರು ಮಾತ್ರ ಚೆನ್ನಾಗಿತ್ತು.

ನಾನು ಒಂದಿಷ್ಟಾದರೂ ನಂಬಿದ್ದು ಗ್ರಂಥಾಲಯವನ್ನು. ಅಲ್ಲಿ ತಣ್ಣಗಿತ್ತು, ಸದ್ದಿರಲಿಲ್ಲ, ಯಾವ ಪುಸ್ತಕವೂ ನನ್ನ ಬರಿ ಕೇಳಲಿಲ್ಲ.

ಮಹಡಿಯಲ್ಲಿ ನನ್ನ ಪಕ್ಕದ ಕೋಣೆಯಲ್ಲಿ ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳಿದ್ದಳು, ನನ್ನದೇ ತರಗತಿ. ಅವಳಿಗೆ ಈ ಊರಿನಲ್ಲಿ ಎಲ್ಲವೂ ಹಬ್ಬ. ಗೋಳಿಬಜೆ ಹಬ್ಬ, ಬನ್ಸ್ ಹಬ್ಬ, ಸಮುದ್ರವಂತೂ ಜಾತ್ರೆ. “ಎಷ್ಟ್ ಛಲೋ ಮಂದಿ ಅದಾರ ಇಲ್ಲೆ! ಯಾರೂ ಏನೂ ಕೇಳಂಗಿಲ್ಲ,” ಎನ್ನುವಳು. ಅವಳನ್ನು ಕೇಳುತ್ತಿರಲಿಲ್ಲ, ನಿಜ. ದೆಹಲಿಯಿಂದ ಬಂದವರನ್ನೂ ಕೇರಳದಿಂದ ಬಂದವರನ್ನೂ ಕೇಳುತ್ತಿರಲಿಲ್ಲ. ಕೇಳಿದರೂ ಉತ್ತರದಿಂದ ಇಲ್ಲಿಯವರಿಗೆ ಏನೂ ಉಪಯೋಗ ಇಲ್ಲವಲ್ಲ. ದೂರದವರಿಗೆ ಈ ಊರು ಸ್ವಾತಂತ್ರ್ಯ ಕೊಡುತ್ತದೆ. ಒಂದು ಬಸ್ಸಿನಷ್ಟೇ ದೂರದಿಂದ ಬಂದ ನನ್ನಂಥವಳಿಗೆ ಕೊಡುವುದು ತಪಾಸಣೆ.

ಇದು ನನ್ನ ಭ್ರಮೆಯಲ್ಲ. ಮೊದಲ ವರ್ಷ ತರಗತಿಯವರೆಲ್ಲ ಸೇರಿ ಕಾಪುವಿಗೆ ಹೋಗಿದ್ದೆವು. ಲೈಟ್‌ಹೌಸಿನ ಮೆಟ್ಟಿಲು ಹತ್ತಿ ಮೇಲೆ ನಿಂತಾಗ ಗಾಳಿ ದುಪಟ್ಟಾವನ್ನು ಎಳೆದುಕೊಂಡು ಹೋಗುವಂತಿತ್ತು, ಕೆಳಗೆ ಬಂಡೆಗೆ ತೆರೆ ಒಡೆಯುತ್ತಿತ್ತು. ಜೊತೆಯ ಹುಡುಗನೊಬ್ಬ ನಮ್ಮೆಲ್ಲರ ಫೋಟೊ ತೆಗೆದ. ಇಳಿದು ಬಂದು ಚರ್ಮುರಿ ತೆಗೆದುಕೊಂಡರೆ, ಮಾರುವವನು ಈರುಳ್ಳಿ ಹೆಚ್ಚುತ್ತ ನನ್ನನ್ನೇ ನೋಡಿ, “ನೀನು ಇಂಥವರ ಸೊಸೆ ಅಲ್ವಾ?” ಎಂದು ನನ್ನ ಸೋದರಮಾವನ ಹೆಸರು ಹೇಳಿದ. ನಾನು ಪರ್ಕಳಕ್ಕೆ ಮುಟ್ಟುವ ಮೊದಲೇ ಸುದ್ದಿ ಅಮ್ಮನಿಗೆ ಮುಟ್ಟಿತ್ತು. “ಆ ಹುಡುಗ ಯಾರು?” ಎಂದು ಕೇಳಿದಳು. ಇಂಥ ಊರಿನಲ್ಲಿ ಅಡಗಿಕೊಳ್ಳುತ್ತೇನೆ ಎನ್ನುವವರು ಬೆಕ್ಕಿನ ಹಾಗೆ ಕಣ್ಣು ಮುಚ್ಚಿ ಹಾಲು ಕುಡಿಯಬೇಕು ಅಷ್ಟೆ.

ಎರಡನೆಯ ವರ್ಷದ ಮೊದಲು, ಬೇಸಗೆಯಲ್ಲಿ, ಮನೆಯೊಡತಿ ಒಂದು ಸಂಜೆ ನನ್ನನ್ನು ಕೆಳಗೆ ಕರೆದರು. ಹಲಸಿನ ಹಣ್ಣು ಬಿಡಿಸುತ್ತಿದ್ದರು, ಕೈಗೆ ತೆಂಗಿನೆಣ್ಣೆ ಸವರಿಕೊಂಡು ನಾನೂ ಕುಳಿತೆ. ಮಾತು ನಿಧಾನವಾಗಿ ನನ್ನ ಮನೆಯ ಕಡೆ ಹೊರಳಿತು. ನನಗೆ ಗೊತ್ತಾಯಿತು, ಗೊತ್ತಾಗಿಯೂ ತಪ್ಪಿಸಿಕೊಳ್ಳಲು ಆಗಲಿಲ್ಲ. ಕೈತುಂಬ ಹಲಸಿನ ಮೇಣ.

“ನೀನೇ ದೊಡ್ಡವಳಾ?”

“ಹೌದು, ತಮ್ಮ ಒಬ್ಬ ಇದ್ದಾನೆ.”

“ನಿನಗಿಂತ ಮುಂಚೆ ಯಾರೂ ಇರ್ಲಿಲ್ವಾ?”

ಎಂಥ ಪ್ರಶ್ನೆ ಇದು ಎಂದುಕೊಂಡೆ. ನನಗಿಂತ ಮೊದಲು ಒಬ್ಬಳು ಹುಟ್ಟಿದ್ದಳಂತೆ, ಜ್ವರ ಬಂದು ಸಣ್ಣದರಲ್ಲೇ ಹೋದಳಂತೆ, ನನಗೆ ಅಷ್ಟೇ ಗೊತ್ತು ಎಂದೆ. ನಮ್ಮ ಮನೆಯಲ್ಲಿ ಅವಳ ಫೋಟೊ ಇಲ್ಲ, ಮಾತೂ ಇಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಒಮ್ಮೆ ಹೇಳಿದ್ದರಿಂದ ನನಗೆ ತಿಳಿದದ್ದು. ಮನೆಯೊಡತಿ ಕೈಯಲ್ಲಿದ್ದ ಹಲಸಿನ ತೊಳೆಯ ಬೀಜ ತೆಗೆದು ಪಾತ್ರೆಗೆ ಹಾಕಿದರು. ಆಮೇಲೆ, ಇದ್ದಿದ್ದರೆ ಈಗ ಎಷ್ಟು ವರ್ಷ ಆಗುತ್ತಿತ್ತು ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಮರುದಿನದಿಂದ ತಿಂಡಿಯ ತಟ್ಟೆ ಮಹಡಿಗೆ ಬರತೊಡಗಿತು. ನೀರುದೋಸೆ ಮಾಡಿದರೆ ನೀರುದೋಸೆ, ಮೀನು ತಂದರೆ ಮೀನು. ನನಗೊಂದು ತಟ್ಟೆ, ಬಾಗಲಕೋಟೆಯವಳಿಗೊಂದು ತಟ್ಟೆ, ಆದರೆ ನನ್ನದರಲ್ಲಿ ತುಂಡು ದೊಡ್ಡದು. ಅತಿ ವಿನಯಂ ಧೂರ್ತಲಕ್ಷಣಂ ಎಂದು ನಮ್ಮ ಶಾಲೆಯ ಮಾಸ್ತರರು ಹೇಳುತ್ತಿದ್ದರು. ನಾನು ಮುಟ್ಟಲಿಲ್ಲ. “ತಿನ್ನಾಕ ಏನಾಗೇತಿ ನಿನಗ? ವಿಷ ಹಾಕ್ಯಾರೇನ?” ಎಂದು ಗೆಳತಿ ನನ್ನ ಪಾಲನ್ನೂ ತಿಂದಳು. ವಿಷಕ್ಕಿಂತ ಕೆಟ್ಟದ್ದು ಎಂದು ನಾನು ಹೇಳಿದ್ದು ಅವಳಿಗೆ ಅರ್ಥವಾಗಲಿಲ್ಲ. ಒಂದು ದೋಸೆ ತಿಂದರೆ ಒಂದು ಋಣ, ಒಂದು ಋಣಕ್ಕೆ ಒಂದು ನಗು, ಒಂದು ನಗುವಿಗೆ ಹುಡುಗಿ ಒಪ್ಪಿದ್ದಾಳೆ ಎಂಬ ಸುದ್ದಿ. ಈ ದಾರಿ ನನಗೆ ಗೊತ್ತಿತ್ತು.

ಅವರೂ ಸುಮ್ಮನೆ ಬಿಡುವವರಲ್ಲ. ನನ್ನ ಅಮ್ಮನ ತವರು ಎಲ್ಲಿ, ಮಾವ ಏನು ಮಾಡುತ್ತಾರೆ, ಮನೆಗೆ ಹೋಗಲು ಯಾವ ಸ್ಟಾಪಿನಲ್ಲಿ ಇಳಿಯಬೇಕು ಎಂದೆಲ್ಲ ಒಂದೊಂದು ದಿನ ಒಂದೊಂದಾಗಿ ಕೇಳಿದರು. ನಾನು ಒಮ್ಮೆ ಸ್ಟಾಪಿನ ಹೆಸರು ಬೇಕೆಂದೇ ತಪ್ಪಾಗಿ ಹೇಳಿದೆ. ಮರುದಿನ ಅವರೇ ನಗುತ್ತ, “ಅಲ್ಲಿ ಅಲ್ಲ ಮಾರಾಯ್ತಿ, ಅದರ ಮುಂದಿನ ಸ್ಟಾಪ್,” ಎಂದು ನನಗೇ ತಿದ್ದಿದರು. ಎಲ್ಲಿಂದ ತಿಳಿದುಕೊಂಡರೋ. ಗಲ್ಫಿನ ಮಗ ವೀಡಿಯೊ ಕಾಲ್ ಮಾಡಿದಾಗ ನಾನು ಅಂಗಳ ದಾಟುತ್ತಿದ್ದರೆ, ಫೋನನ್ನು ನನ್ನ ಕಡೆ ತಿರುಗಿಸುತ್ತಾರೆಂದು ಹೆದರಿ ಓಡಿ ಮೆಟ್ಟಿಲು ಹತ್ತುತ್ತಿದ್ದೆ. ಅವರು ಒಮ್ಮೆಯೂ ತಿರುಗಿಸಲಿಲ್ಲ. ಅದೂ ನನಗೆ ಸಂಶಯವೇ ಆಯಿತು.

ಮಳೆಗಾಲ ಹಿಡಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ಬಾಗಿಲಿಗೆ ಬೀಗ ಬಿದ್ದಿತ್ತು. ಅವರು ಭಾನುವಾರ ಎಲ್ಲಿಗೂ ಹೋಗುವವರಲ್ಲ. ಹಾಲು ತರಲು ಜಿನಸಿನ ಅಂಗಡಿಗೆ ಹೋದಾಗ ಕೇಳಿದೆ.

“ಅವರಾ? ಅಣ್ಣನನ್ನು ಕರ್ಕೊಂಡು ಕಾರಲ್ಲಿ ಹೋದ್ರು,” ಎಂದರು ಅಂಗಡಿಯವರು. “ಕಾರ್ಕಳದ ಕಡೆ. ಹೆಣ್ಣು ಕೇಳ್ಲಿಕ್ಕೆ.”

ಹಾಲನ್ನು ಅಲ್ಲಿಯೇ ಬಿಟ್ಟು ಬಸ್ಸು ಹತ್ತಿದೆ. ಹಿರಿಯಡ್ಕ ದಾಟಿತು, ಬೈಲೂರು ದಾಟಿತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾತರ ಮೇಲೆ ಎಂದರೆ, ಅಪ್ಪನ ಆ ‘ತಾನಾಗಿ ಬಂದರೆ’ ಎಂಬ ಮಾತಿನ ಮೇಲೆ. ಎರಡು ಸೆಮಿಸ್ಟರು ಬಾಕಿ ಇತ್ತು. ಗಾಜಿನ ತಟ್ಟೆಗಳನ್ನು ಶನಿವಾರವಷ್ಟೇ ಬೆಚ್ಚಗಿಟ್ಟು ಬಂದದ್ದು, ಸೋಮವಾರ ನೋಡಬೇಕಿತ್ತು. ಅವುಗಳನ್ನು ಇನ್ನು ಯಾರು ನೋಡುತ್ತಾರೆ ಎಂದು ಯೋಚಿಸಿದೆ. ಹೇಳಬೇಕಾದ ಮಾತುಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡೆ. ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಆ ಸಾಲಿನಲ್ಲಿ ಉಳಿದದ್ದು ಒಂದೇ ಮಾತು.

ಚಾವಡಿಯಲ್ಲಿ ಅವರು ಕುಳಿತಿದ್ದರು. ರೇಷ್ಮೆ ಸೀರೆ ಉಟ್ಟಿದ್ದರು. ಪಕ್ಕದಲ್ಲಿ ಅವರ ಅಣ್ಣ, ಎದುರಿಗೆ ಅಪ್ಪ. ಅಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ನೆಲದ ಮೇಲೆ ಹರಿವಾಣದಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು. ಚಪ್ಪಲಿಯನ್ನೂ ಕಳಚದೆ ಹೇಳಿದೆ:

“ನಾನು ಮದುವೆ ಆಗುದಿಲ್ಲ.”

ಎಲ್ಲರೂ ನನ್ನನ್ನು ನೋಡಿದರು. ಮನೆಯೊಡತಿಯೇ ಮೊದಲು ಬಾಯಿಬಿಟ್ಟರು.

“ನಿನ್ನನ್ನು ಕೇಳಿದ್ದು ಯಾರು ಮಾರಾಯ್ತಿ?”

ಅವರು ಕೇಳಲು ಬಂದದ್ದು ನನ್ನ ಅಕ್ಕನನ್ನು.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಮದುವೆಯ ವಯಸ್ಸಿಗೆ ಮೊದಲೇ ಸತ್ತುಹೋದ ಮಕ್ಕಳು ಆ ಲೋಕದಲ್ಲೂ ಬೆಳೆಯುತ್ತಾರೆ, ವಯಸ್ಸಿಗೆ ಬಂದಾಗ ಅವರಿಗೂ ಮದುವೆ ಮಾಡಬೇಕು ಎಂಬ ನಂಬಿಕೆ. ಸತ್ತ ಹುಡುಗನಿಗೆ ಸತ್ತ ಹುಡುಗಿಯನ್ನೇ ಹುಡುಕಿ, ಬರಿ ನೋಡಿ, ಎರಡೂ ಮನೆಯವರು ಒಪ್ಪಿ, ಬೇರೆ ಮದುವೆಗಳಿಲ್ಲದ ಆಟಿ ತಿಂಗಳಲ್ಲಿ ಶಾಸ್ತ್ರ ಮಾಡುತ್ತಾರೆ. ಕುಲೆ ಮದುವೆ ಎನ್ನುತ್ತಾರೆ. ಕುಲೆ ಎಂದರೆ ಸತ್ತವರ ಜೀವ. ಬೇರೆಯವರ ಮನೆಯಲ್ಲಿ ನಡೆದದ್ದನ್ನು ಕೇಳಿದ್ದೆ. ನಮ್ಮ ಮನೆಯ ಬಾಗಿಲಿಗೂ ಬರಬಹುದೆಂದು ನನ್ನ ತಲೆಗೆ ಹೊಳೆದಿರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳಿಗೆ ಕಂಡದ್ದು ಗೋಡೆಯ ಮೇಲಿನ ಮಗ ಮಾತ್ರ. ಅವನಿಗಿಂತ ಮೊದಲು ಅವರಿಗೆ ಇನ್ನೊಬ್ಬ ಮಗನಿದ್ದ, ಮೂರು ವರ್ಷದವನಿದ್ದಾಗ ಕಾಮಾಲೆಯಲ್ಲಿ ಹೋದ ಎಂಬುದು ನನಗೆ ಆ ದಿನವೇ ತಿಳಿದದ್ದು.

ಸಂಶಯ ಅಷ್ಟು ಬೇಗ ಸಾಯುವುದಿಲ್ಲ. ಚಪ್ಪಲಿ ಕಳಚಿ ಒಳಗೆ ಬಂದು ನೇರವಾಗಿ ಕೇಳಿದೆ: “ಇದರಿಂದ ನಿಮಗೆ ಏನು ಲಾಭ?”

ಅಪ್ಪ ಗದರಿದರು. ಅವರು ಮಾತ್ರ ಬೇಸರಿಸಲಿಲ್ಲ.

“ಲಾಭ ಉಂಟು, ಸುಳ್ಳು ಹೇಳುದಿಲ್ಲ,” ಎಂದರು. “ಚಿಕ್ಕವನಿಗೆ ಎಷ್ಟು ಸಂಬಂಧ ನೋಡಿದರೂ ಕೂಡಿಬರುದಿಲ್ಲ. ಜೋಯಿಸರು ಹೇಳಿದ್ರು, ದೊಡ್ಡವನು ಕಾಯ್ತಾ ಇದ್ದಾನೆ, ಅವನದ್ದು ಆಗದೆ ಇವನದ್ದು ಆಗುದಿಲ್ಲ ಅಂತ.”

“ಆಮೇಲೆ ಚಿಕ್ಕವನಿಗೆ ನನ್ನನ್ನು ಕೇಳ್ತೀರಾ?”

“ನಿನ್ನನ್ನಾ?” ಅವರು ನಿಜವಾಗಿಯೂ ಗಾಬರಿಯಾದರು. “ನಾನು ಕೊಟ್ಟ ಮೀನನ್ನು ಮೂಸಿ ನೋಡಿ ಬದಿಗಿಟ್ಟವಳನ್ನಾ? ಬೇಡಪ್ಪ, ಅವನು ಬದುಕಿಕೊಳ್ಳಲಿ.”

ನನಗೆ ನಾಚಿಕೆಗಿಂತ ಹೆಚ್ಚಾಗಿ ನಗು ಬರಬೇಕಿತ್ತು. ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಗಲ್ಫಿನಲ್ಲಿರುವವನಿಗೆ ಹೆಣ್ಣು ಸಿಗದಿದ್ದರೆ ಸತ್ತ ಮಗುವನ್ನು ಎಬ್ಬಿಸಿ ಮದುವೆ ಮಾಡುವುದೇ? ನನ್ನ ಅಮ್ಮನ ಎದುರು ಈ ಮಾತು ಎತ್ತಲು ಇವರಿಗೆ ಮನಸ್ಸಾದರೂ ಹೇಗೆ ಬಂತು? ಮನೆಯಲ್ಲಿ ಯಾರೂ ಇಷ್ಟು ವರ್ಷ ಮುಟ್ಟದ ಗಾಯ. ಬಾಯಿ ತೆರೆದು ಇದನ್ನೆಲ್ಲ ಹೇಳುವವಳಿದ್ದೆ. ಅಷ್ಟರಲ್ಲಿ ಅಪ್ಪ, ಹುಡುಗಿ ಇದ್ದಿದ್ದರೆ ಈಗ ಇಪ್ಪತ್ತೈದೋ ಏನೋ ಎಂದು ಲೆಕ್ಕ ಹಾಕತೊಡಗಿದರು.

“ಇಪ್ಪತ್ತಾರು,” ಎಂದಳು ಅಮ್ಮ. “ಬರುವ ತಿಂಗಳು ಇಪ್ಪತ್ತೇಳಕ್ಕೆ ಬೀಳ್ತಾಳೆ.”

ಲೆಕ್ಕ ಹಾಕಿ ಹೇಳಿದ್ದಲ್ಲ. ನನ್ನ ವಯಸ್ಸು ಕೇಳಿದರೆ ಹೇಗೆ ಹೇಳುತ್ತಾಳೋ ಹಾಗೆ ಹೇಳಿದಳು. ಆಮೇಲೆ ಕಂಬ ಬಿಟ್ಟು ಬಂದು ಮನೆಯೊಡತಿಯ ಎದುರು ನೆಲದ ಮೇಲೆ ಕುಳಿತಳು.

“ಹುಡುಗ ಹೇಗಿದ್ದ?”

“ಕಪ್ಪು. ಆದರೆ ಲಕ್ಷಣ ಇತ್ತು. ಬಾಯಲ್ಲಿ ಯಾವಾಗ್ಲೂ ಬೆಲ್ಲ.”

“ಹಠ ಉಂಟಾ?”

“ಸ್ವಲ್ಪ ಉಂಟು. ಸುಳ್ಳು ಯಾಕೆ ಹೇಳುದು?”

“ನಮ್ಮವಳು ಬೆಳ್ಳಗೆ. ಹಠ ಇಲ್ಲ. ಹಸಿವಾದರೂ ಅಳುವವಳಲ್ಲ,” ಎಂದಳು ಅಮ್ಮ. “ಸೀರೆ ತರುದಾದ್ರೆ ಒಳ್ಳೆಯದು ತರ್ಬೇಕು. ಶಾಸ್ತ್ರಕ್ಕೆ ಅಂತ ಯಾವುದಾದ್ರೂ ಒಂದು ತರ್ಲಿಕ್ಕಿಲ್ಲ.”

ನಾನು ನಿಂತಲ್ಲೇ ನಿಂತೆ. ನನ್ನ ಅಮ್ಮ ಅಷ್ಟು ಹೊತ್ತು ಒಂದೇ ವಿಷಯದ ಮೇಲೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಇಬ್ಬರು ಹೆಂಗಸರೂ ಬಣ್ಣದ ಬಗ್ಗೆ ಚರ್ಚೆ ಮಾಡಿದರು, ಹಸಿರು ಬೇಡ, ಕೆಂಪಾಗಲಿ. ಕರಿಮಣಿಯ ಬಗ್ಗೆ ಮಾತಾಡಿದರು. ಒಮ್ಮೆ ಯಾವುದಕ್ಕೋ ನಕ್ಕರು ಕೂಡ. ಇಷ್ಟು ವರ್ಷ ಅಕ್ಕನನ್ನು ಅಮ್ಮ ಒಬ್ಬಳೇ ಬೆಳೆಸುತ್ತಿದ್ದಳು. ಶಾಲೆಗೆ ಕಳಿಸಿರಬೇಕು, ಮೈನೆರೆದಾಗ ನೋಡಿಕೊಂಡಿರಬೇಕು. ನಮಗೆ ಯಾರಿಗೂ ಗೊತ್ತಿರಲಿಲ್ಲ. ಹೇಳಬೇಕೆಂದಿದ್ದ ಮಾತನ್ನು ನುಂಗಿ, ಬಂದವರಿಗೆ ಇನ್ನೊಂದು ಸಲ ಕಾಫಿ ಮಾಡಲು ಒಳಗೆ ಹೋದೆ.

ಮದುವೆ ಆಟಿಯಲ್ಲಿ, ಪರ್ಕಳದ ಗಂಡಿನ ಮನೆಯಲ್ಲೇ ಎಂದಾಯಿತು. ಅಂದರೆ ನನ್ನ ಕೋಣೆಯ ಕೆಳಗೆ. ಮದುವೆಯಾಗದವರು ಕುಲೆ ಮದುವೆ ನೋಡಬಾರದೆಂದು ಇರುವುದರಿಂದ ನನ್ನನ್ನು ಬಾಗಲಕೋಟೆಯವಳ ಜೊತೆ ಮೇಲೆಯೇ ಇರಲು ಹೇಳಿದರು. ಸಂಜೆ ಎರಡು ಕಡೆಯವರೂ ಬಂದರು. ನನ್ನ ಅಮ್ಮ ಮದುವೆಗೆ ಹೊರಟಾಗ ಉಡುವ ಸೀರೆ ಉಟ್ಟು, ತಲೆಗೆ ಮಲ್ಲಿಗೆ ಮುಡಿದು ಗೇಟಿನೊಳಗೆ ಬಂದದ್ದನ್ನು ಕಿಟಕಿಯಿಂದ ನೋಡಿದೆ. ಅವಳು ತಲೆ ಎತ್ತಿ ನನ್ನ ಕಿಟಕಿಯ ಕಡೆ ನೋಡಲಿಲ್ಲ.

ಕೆಳಗೆ ಬಾಗಿಲು ಹಾಕಿಕೊಂಡರು. ಎರಡು ಮಣೆ ಇಟ್ಟು, ಒಂದರ ಮೇಲೆ ಪಂಚೆ ಶರ್ಟು, ಇನ್ನೊಂದರ ಮೇಲೆ ಕೆಂಪು ಸೀರೆ, ಬಳೆ, ಕರಿಮಣಿ ಇಡುತ್ತಾರೆಂದು ಆಮೇಲೆ ಕೇಳಿ ತಿಳಿದುಕೊಂಡೆ. ನಮಗೆ ಕೇಳಿಸಿದ್ದು ಮಾವಂದಿರ ದನಿ, ಪಾತ್ರೆಗಳ ಸದ್ದು, ಒಮ್ಮೆ ಧಾರೆಗೆ ಕರೆದದ್ದು. ಗೆಳತಿ ಹಾಸಿಗೆಯ ಮೇಲೆ ಕಾಲು ಮಡಿಚಿ ಕುಳಿತು ಪಿಸುಗುಟ್ಟಿದಳು: “ನಮ್ಮ ಕಡೆ ಇಂಥಾದ್ದು ನಾ ಕೇಳೇ ಇಲ್ಲವಾ. ನೀ ನಂಬ್ತೀ ಏನ ಇದನ್ನ?”

“ಇಲ್ಲ,” ಎಂದೆ.

“ಮತ್ತ ಯಾಕ ಅಳಾಕತ್ತಿ?”

ದುಪಟ್ಟಾದಿಂದ ಮುಖ ಒರೆಸಿಕೊಂಡೆ. ಸ್ವಲ್ಪ ಹೊತ್ತಿಗೆ ಎಲೆಯಲ್ಲಿ ಊಟ ಮೇಲೆ ಬಂತು, ಪಾಯಸವೂ ಇತ್ತು. ಆ ದಿನ ನಾನು ಮೂಸಿ ನೋಡದೆ ತಿಂದೆ.

ಊಟದ ಮೇಲೆ ಕಾರುಗಳು ಹೊರಡುವ ಸಮಯಕ್ಕೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅಮ್ಮ. ನನ್ನ ಕೋಣೆಗೆ ಅವಳು ಬಂದದ್ದು ಅದೇ ಮೊದಲು. ಗೆಳತಿ ಎದ್ದು ತನ್ನ ಕೋಣೆಗೆ ಹೋದಳು. ಅಮ್ಮ ಹಾಸಿಗೆ, ಪುಸ್ತಕ, ಹಗ್ಗದ ಮೇಲಿನ ಬಟ್ಟೆ ಯಾವುದನ್ನೂ ನೋಡಲಿಲ್ಲ. ಕಿಟಕಿಗೆ ಹೋಗಿ ಕೆಳಗೆ ಬಗ್ಗಿ ನೋಡಿದಳು.

“ಇವರ ಅಡುಗೆಮನೆ ಯಾವ ಬದಿಗೆ?”

ತೋರಿಸಿದೆ.

“ಬೆಳಿಗ್ಗೆ ಬೇಗ ಏಳ್ತಾರಾ?”

“ಏಳ್ತಾರೆ.”

“ಜೋರು ಮಾತಾಡ್ತಾರಾ? ಸಿಟ್ಟು ಉಂಟಾ?”

“ನನ್ನ ಹತ್ತಿರ ಮಾತಾಡಿದ್ದಿಲ್ಲ.”

“ಬಾಡಿಗೆಗೆ ಇರುವವರ ಹತ್ತಿರ ಯಾರೂ ಜೋರು ಮಾಡುದಿಲ್ಲ. ಸೊಸೆಯ ಹತ್ತಿರ ಹೇಗೆ ಅಂತ ಯಾರಿಗೆ ಗೊತ್ತು?” ಎಂದ ಅಮ್ಮ ಕೆಳಗಿನ ಬಾಗಿಲನ್ನೇ ನೋಡುತ್ತಿದ್ದಳು. ಎಲ್ಲವನ್ನೂ ತಿರುಗಿಸಿ ಹಿಂಬದಿ ನೋಡುವ ಬುದ್ಧಿ ನನಗೆ ಯಾರಿಂದ ಬಂತೆಂದು ಯಾರೂ ಹೇಳಬೇಕಾಗಿರಲಿಲ್ಲ.

ಕೆಳಗಿನಿಂದ ಅಪ್ಪ ಕರೆದರು. ಅಮ್ಮ ಹೊರಡಲಿಲ್ಲ. ಮುಡಿಯಿಂದ ಜಾರುತ್ತಿದ್ದ ಮಲ್ಲಿಗೆಯನ್ನು ಸರಿಮಾಡಿಕೊಂಡಳು.

“ಇದು ಮುಗಿದ ಮೇಲೆ ಮತ್ತೆ ಎಂತದೋ ಓದ್ಲಿಕ್ಕೆ ಉಂಟು ಅಂತ ಹೇಳಿದ್ದಿ ಅಲ್ವಾ? ಎಷ್ಟು ವರ್ಷದ್ದು?”

“ನಾಲ್ಕೈದು ಆಗಬಹುದು.”

“ಸೇರು,” ಎಂದಳು. “ಅಪ್ಪನಿಗೆ ನಾನು ಹೇಳ್ತೇನೆ. ಆದರೆ ಕೋಣೆ ಬದಲು ಮಾಡ್ಲಿಕ್ಕಿಲ್ಲ. ಇಲ್ಲೇ ಇರು. ದಿನಕ್ಕೊಮ್ಮೆ ಕೆಳಗೆ ಹೋಗಿ ನೋಡು, ಅವಳನ್ನು ಹೇಗೆ ಇಟ್ಟುಕೊಂಡಿದ್ದಾರೆ ಅಂತ.”

ಅದನ್ನು ಹೇಗೆ ನೋಡುವುದು ಎಂದು ನಾನು ಕೇಳಲಿಲ್ಲ. ನೋಡುತ್ತೇನೆ ಎಂದೆ. ಅಮ್ಮ ಬಾಗಿಲವರೆಗೆ ಹೋಗಿ ಮತ್ತೆ ನಿಂತಳು.

“ನೀನೇ ನೋಡ್ಬೇಕು. ಎಂತ ಕಷ್ಟ ಆದ್ರೂ ಅವಳು ಹೇಳುದಿಲ್ಲ. ಅವಳಿಗೆ ಇನ್ನೂ ಮಾತು ಬಂದಿರ್ಲಿಲ್ಲ.”